ವರ್ಲಿನ್ ಗ್ರೇಬರ್ ಆಡದೆ ಗೆದ್ದ ಫೈನಲ್

ನಮ್ಮ ವಿಂಡ್ರೋ ಊರಿನ ಜನಸಂಖ್ಯೆ ಒಂಬೈನೂರ ಹನ್ನೆರಡು. ನಮ್ಮ ಹೈಸ್ಕೂಲಿನ ಜಿಮ್ಮಿನಲ್ಲಿ ಬಾಸ್ಕೆಟ್‌ಬಾಲ್ ನೋಡಲು ನಾಲ್ಕು ಸಾವಿರ ಜನ ಕೂರಬಹುದು. ಇಂಡಿಯಾನಾದಲ್ಲಿ ಇದನ್ನು ಹುಚ್ಚು ಎನ್ನುವುದಿಲ್ಲ, ದೂರದೃಷ್ಟಿ ಎನ್ನುತ್ತಾರೆ. ಒಂದು ಚಳಿಗಾಲ ಚರ್ಚಿನ ಸೂರೂ ಜಿಮ್ಮಿನ ಸೂರೂ ಒಟ್ಟಿಗೇ ಸೋರತೊಡಗಿದಾಗ, "ದೇವರು ನೆಂದರೆ ಒಣಗಿಕೊಳ್ಳುತ್ತಾನೆ, ಮರದ ನೆಲ ಒಮ್ಮೆ ಉಬ್ಬಿದರೆ ಮುಗಿಯಿತು" ಎಂದು ಪಾದ್ರಿಗಳೇ ತೀರ್ಪು ಕೊಟ್ಟು, ಚರ್ಚಿಗೆ ತಂದಿಟ್ಟ ತಗಡನ್ನು ಜಿಮ್ಮಿಗೆ ಹೊರಿಸಿದರು. ಅವರು ಎಂಟು ವಾರ ಕೊಡೆ ಹಿಡಿದೇ ಉಪದೇಶ ಮಾಡಿದರು. ಯಾರೂ ಬೇಸರಪಟ್ಟುಕೊಳ್ಳಲಿಲ್ಲ, ಜಿಮ್ಮಿನ ನೆಲ ನೆಂದಿಲ್ಲವಲ್ಲ, ಅಷ್ಟು ಸಾಕಾಗಿತ್ತು.

ಈ ಭಕ್ತಿಗೆ ಕಾರಣವಿದೆ. ಅರವತ್ತು ವರ್ಷದ ಹಿಂದೆ ನಮ್ಮ ಹುಡುಗರು ಸತತ ಎರಡು ವರ್ಷ ಇಡೀ ರಾಜ್ಯದ ಚಾಂಪಿಯನ್ನರಾದರು. ಅದಕ್ಕೂ ಮೊದಲು ಊರು ಏನೂ ಗೆದ್ದಿರಲಿಲ್ಲ, ಆಮೇಲೂ ಗೆಲ್ಲಲಿಲ್ಲ. ಹಾಗಾಗಿ ಇದ್ದ ಎರಡನ್ನೇ ಹಿಗ್ಗಿಸಿ ಅರವತ್ತು ವರ್ಷ ಹೊದ್ದುಕೊಂಡೆವು. ಎರಡನೆಯ ವರ್ಷದ ಫೈನಲ್ಲಂತೂ ನಮಗೆ ಬಾಯಿಪಾಠ. ಎದುರಾಳಿ ದೊಡ್ಡ ಪಟ್ಟಣದ ಸ್ಕೂಲು. ನಾವು ಒಂದು ಪಾಯಿಂಟ್ ಹಿಂದೆ. ಉಳಿದದ್ದು ಐದು ಸೆಕೆಂಡು, ಚೆಂಡು ಅವರ ಕೈಯಲ್ಲಿ. ಗೆರೆಯಾಚೆಯಿಂದ ಅವರು ಅದನ್ನು ಒಳಗೆ ಎಸೆದು ಹಿಡಿದುಕೊಂಡರೆ ಮುಗಿಯಿತು. ಎಸೆದರು. ನಮ್ಮ ಹುಡುಗನೊಬ್ಬ ನಡುವೆ ನುಗ್ಗಿ ಕಿತ್ತುಕೊಂಡು ಓಡಿ ಬುಟ್ಟಿಗೆ ಹಾಕಿದ. ಗಂಟೆ ಹೊಡೆಯಿತು. ಅದನ್ನು ಕಣ್ಣಾರೆ ನೋಡಿದೆ ಎನ್ನದವರು ಇವತ್ತು ಊರಲ್ಲಿ ಒಬ್ಬರೂ ಇಲ್ಲ. ಆ ಫೈನಲ್ ಮುಗಿದು ಇಪ್ಪತ್ತು ವರ್ಷದ ಮೇಲೆ ಹುಟ್ಟಿದ ಹೋಟೆಲಿನ ಡಾರ್ಲಾಗೆ ಕೂಡ ತಾನು ಯಾವ ಸಾಲಿನಲ್ಲಿ ಕೂತಿದ್ದೆ ಎನ್ನುವುದು ನೆನಪಿದೆ.

ಚೆಂಡು ಕಿತ್ತುಕೊಂಡ ಹುಡುಗ ವರ್ಲಿನ್ ಗ್ರೇಬರ್. ಹಾಗೆಂದು ಊರು ಹೇಳುತ್ತದೆ.

ವರ್ಲಿನ್ ಕಾಳಿನ ಗೋದಾಮಿನ ತೂಕದ ಕಟ್ಟೆಯಲ್ಲಿ ನಲವತ್ತೊಂದು ವರ್ಷ ಕೂತವನು. ಮೆಕ್ಕೆಜೋಳದ ಲಾರಿ ಬಂದರೆ ತೂಗುವುದು, ಸೋಯಾ ಲಾರಿ ಬಂದರೆ ತೂಗುವುದು. ತೂಕದಲ್ಲಿ ಒಂದು ಪೌಂಡ್ ಆಚೀಚೆ ಮಾಡಿದವನಲ್ಲ. ಒಮ್ಮೆ ಅವನ ಸ್ವಂತ ಮಾವನ ಲಾರಿ ತೂಗುವಾಗ, ಮಾವ ಒಳಗೇ ಕೂತಿದ್ದಾನೆಂದು ಕೆಳಗಿಳಿಸಿ, "ಕಿಸೇಲಿ ಏನಿದೆ, ಅದನ್ನೂ ತೆಗೀರಿ" ಎಂದನಂತೆ. ಇಂಥ ಮನುಷ್ಯನ ಹೆಸರಲ್ಲಿ ಜಿಲ್ಲೆಯ ಅತಿ ದೊಡ್ಡ ಸುಳ್ಳು ಹೇಗೆ ಬೆಳೆಯಿತು ಎಂದು ಕೇಳಬೇಡಿ. ಬೆಳೆಸಿದವರಲ್ಲಿ ನಾನೂ ಒಬ್ಬ. ಅಂದು ಬ್ಯಾಂಡಿನಲ್ಲಿ ಟ್ರಾಂಬೋನ್ ಊದುತ್ತ ಆರು ಅಡಿ ದೂರದಲ್ಲಿದ್ದೆ, ವರ್ಲಿನ್ ಏನು ಮಾಡುತ್ತಿದ್ದ ಎಂದು ಚೆನ್ನಾಗಿ ಗೊತ್ತು. ಅವನು ಟವೆಲ್ ಹಿಡಿದಿದ್ದ.

ವರ್ಷವಿಡೀ ತಂಡದಲ್ಲಿ ಹನ್ನೆರಡು ಜನ. ಆದರೆ ರಾಜ್ಯದ ಟೂರ್ನಮೆಂಟು ಶುರುವಾದರೆ ಹತ್ತೇ ಜನ ಜರ್ಸಿ ತೊಡಬಹುದು ಎಂಬುದು ಆಗಿನ ನಿಯಮ. ಹಿಂದಿನ ದಿನ ಕೋಚ್ ರೆನ್‌ಬಾರ್ಗರ್ ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಹತ್ತು ಹೆಸರಿನ ಚೀಟಿ ಅಂಟಿಸಿ, ಬಿಟ್ಟುಹೋದ ಇಬ್ಬರ ಜರ್ಸಿಯನ್ನು ತಾವೇ ಕೈಚಾಚಿ ಇಸಿದುಕೊಳ್ಳುತ್ತಿದ್ದರು. ವರ್ಲಿನ್ ಎರಡು ವರ್ಷವೂ ಹನ್ನೊಂದನೆಯವನು. ಮೂವತ್ತಮೂರನೇ ನಂಬರಿನ ಜರ್ಸಿಯನ್ನು ಎರಡು ವರ್ಷವೂ ನೀಟಾಗಿ ಮಡಚಿ ಕೊಟ್ಟ. ಎರಡನೆಯ ಸಲ ಕೋಚ್, "ಮಡಚೋದ್ರಲ್ಲಿ ನಿನ್ನ ಬಿಟ್ರೆ ಇಲ್ಲಪ್ಪಾ" ಎಂದು ಹೊಗಳಿ ಟವೆಲ್ ಖಾತೆ ವಹಿಸಿದರು.

ಚೆಂಡು ಕಿತ್ತವನು ಎಲ್ಡನ್ ಫೌಟ್ಸ್. ಎಲ್ಡನ್ ಮಾಡಿದ ಅಪರಾಧ ಇಷ್ಟೇ: ಹದಿನಾಲ್ಕು ಮೈಲಿ ಆಚೆಯ ಕಾಲ್ಟನ್ನಿನ ಹುಡುಗಿಯನ್ನು ಮದುವೆಯಾದ, ಅಲ್ಲಿಯ ಸ್ಕೂಲಿನ ಕೋಚ್ ಆದ, ಮತ್ತು ಹದಿನೇಳು ಸಲ ನಮ್ಮನ್ನು ಸೋಲಿಸಿದ. ಯಾರನ್ನಾದರೂ ಕೊಂದು ಜೈಲಿಗೆ ಹೋಗಿದ್ದರೆ ಊರು ಕ್ಷಮಿಸಿ ಸೇಬಿನ ಕಡುಬು ಕಳಿಸುತ್ತಿತ್ತು. ಕಾಲ್ಟನ್ನಿಗೆ ಕ್ಷಮೆ ಇಲ್ಲ.

ಮೊದಲನೇ ಸೋಲಿನ ಮರುದಿನ ಡಾರ್ಲಾಳ ಅಮ್ಮನ ಹೋಟೆಲಿನಲ್ಲಿ, ಬನ್ನಿನ ಮೂರು ಪಟ್ಟು ಅಗಲದ ಹಂದಿಮಾಂಸದ ಕಟ್ಲೆಟ್ ಮುಂದಿಟ್ಟುಕೊಂಡು ಕೂತಿದ್ದೆವು. ಟ್ರ್ಯಾಕ್ಟರ್ ರಿಪೇರಿಯ ಕ್ಲೀಟಸ್ ಇದ್ದಕ್ಕಿದ್ದಂತೆ, "ಯೋಚ್ನೆ ಮಾಡಿ ನೋಡಿದ್ರೆ, ಆ ಚೆಂಡಿಗೆ ಮೊದ್ಲು ಕೈ ತಾಗ್ಸಿದ್ದು ನಮ್ ವರ್ಲಿನ್ ಅಲ್ವೇನ್ರೋ?" ಎಂದ.

"ನಾನು ಟವೆಲ್ ಹಿಡ್ಕೊಂಡಿದ್ದೆ ಕಣೋ," ಎಂದ ವರ್ಲಿನ್.

"ನೋಡ್ರಪ್ಪಾ ಎಂಥಾ ವಿನಯ!"

ಮುಂದಿನ ಚಳಿಗಾಲಕ್ಕೆ ವರ್ಲಿನ್ ಚೆಂಡನ್ನು ತಟ್ಟಿದ್ದ, ಎಲ್ಡನ್ ಹಿಡಿದಿದ್ದ. ಆರನೇ ಸೋಲಿನ ಹೊತ್ತಿಗೆ ವರ್ಲಿನ್ನೇ ಕಿತ್ತು, ವರ್ಲಿನ್ನೇ ಓಡಿದ್ದ. ಹತ್ತನೇ ಸೋಲಿಗೆ ಎಲ್ಡನ್ ದಾರಿಗೆ ಅಡ್ಡ ನಿಂತಿದ್ದ. ಹದಿನೇಳಕ್ಕೆ ಬರುವಾಗ ಎಲ್ಡನ್ ಅವತ್ತು ಮಂಗನಬಾವು ಬಂದು ಮನೆಯಲ್ಲಿ ಮಲಗಿದ್ದ. ಟ್ರೋಫಿಯ ಗಾಜಿನ ಕಪಾಟಿನಲ್ಲಿ ಫೋಟೋ ಇದೆ ನಿಜ. ಆದರೆ ಹಿಂದಿನ ಸಾಲಿನ ಉದ್ದನೆಯವರ ಬೆನ್ನ ಹಿಂದೆ ಪೆಟ್ಟಿಗೆ ಹತ್ತಿ ನಿಂತ ವರ್ಲಿನ್ನನ ತಲೆ ಮಾತ್ರ ಕಾಣುತ್ತದೆ. ಅವನು ಕೋಟು ತೊಟ್ಟಿದ್ದನೋ ಜರ್ಸಿಯೋ ಹೇಳುವವರಾರು? ವರ್ಲಿನ್ ಮೊದಮೊದಲು ಅಲ್ಲವೆಂದ, ಆಮೇಲೆ ಸುಮ್ಮನಾದ, ಆಮೇಲೆ ಸ್ಕೂಲಿನ ಮಕ್ಕಳು ಕೇಳಿದರೆ ತಲೆಯಾಡಿಸತೊಡಗಿದ. ತಲೆಯಾಡಿಸುವುದಕ್ಕೆ ತೂಕವಿಲ್ಲ ಅಂದುಕೊಂಡನೋ ಏನೋ.

ಈ ಫೆಬ್ರವರಿಯಲ್ಲಿ ಸ್ಕೂಲಿನಿಂದ ಕಾಗದ ಬಂತು. ಅರವತ್ತನೇ ವರ್ಷದ ಸಂಭ್ರಮ. ಕಾಲ್ಟನ್ ಜೊತೆಗಿನ ಪಂದ್ಯದ ನಡುವಿನ ವಿರಾಮದಲ್ಲಿ ಮೂವತ್ತಮೂರನೇ ನಂಬರಿನ ಜರ್ಸಿಯನ್ನು ಜಿಮ್ಮಿನ ತೊಲೆಗೆ ಏರಿಸುತ್ತಾರೆ, ಇನ್ನು ಯಾವ ಹುಡುಗನಿಗೂ ಆ ನಂಬರು ಕೊಡುವುದಿಲ್ಲ. ಬದುಕಿರುವ ಆಟಗಾರರನ್ನೆಲ್ಲ ಕರೆದಿದ್ದೇವೆ. ಅಂದರೆ ಎಲ್ಡನ್ ಫೌಟ್ಸ್. ಉಳಿದ ಒಂಬತ್ತು ಜನ ಹೋಗಿಯಾಗಿತ್ತು.

ವರ್ಲಿನ್ನನ ಹೆಂಡತಿ ಲೂಎಲಾ ಆ ಫೈನಲ್ಲಿನಲ್ಲಿ ಕುಣಿದು ಹುರಿದುಂಬಿಸಿದ ಹುಡುಗಿಯರಲ್ಲಿ ಒಬ್ಬಳು. ಕಾಗದ ಓದಿ ಕನ್ನಡಕ ತೆಗೆದಳು.

"ಜರ್ಸಿ ಯಾಕಂತೆ? ಟವೆಲ್ ಏರ್ಸೋಕೆ ಹೇಳು. ನಿನ್ ಕೈಲಿ ಎಷ್ಟ್ ಚೆನ್ನಾಗಿ ಕಾಣ್ತಿತ್ತು."

"ಲೂಎಲಾ, ತಮಾಷೆ ಬೇಡ."

"ತಮಾಷೆ ಮಾಡ್ತಿರೋಳು ನಾನಾ? ನಲ್ವತ್ತು ವರ್ಷದಿಂದ ಊರೆಲ್ಲಾ ಸೇರಿ ಮಾಡ್ತಿದೆ, ನೀನು ತಲೆ ಆಡಿಸ್ತಿದೀಯ. ಎಲ್ಡನ್ ಎದುರೇ ಆಡಿಸ್ತೀಯಾ? ಅದನ್ನ ಹೇಳು ನಂಗೆ."

ವರ್ಲಿನ್ ತನ್ನ ಅಂಗೈ ನೋಡಿಕೊಂಡನಂತೆ. "ಒಂದ್ ವಿಷ್ಯ ಹೇಳ್ಲಾ?" ಎಂದ. "ಚೆಂಡು ಈ ಕೈಗೆ ಬಂದು ಬಡಿದದ್ದು ನಂಗೆ ನೆನಪಿದೆ. ಬಡೀಲಿಲ್ಲ ಅನ್ನೋದೂ ಗೊತ್ತು. ಎರಡೂ ಒಟ್ಟಿಗೇ ಇದೆ."

"ಹಾಗಾದ್ರೆ ಒಂದನ್ನ ವಾಪಸ್ ಕೊಟ್ಬಿಡು," ಎಂದಳು ಲೂಎಲಾ, ಪಾತ್ರೆ ತೊಳೆಯಲು ಎದ್ದಳು.

ಆ ಶುಕ್ರವಾರ ಜಿಮ್ಮು ಎಷ್ಟು ತುಂಬಿತ್ತೆಂದರೆ, ಮೇಲಿನ ಸಾಲಿನವನು ಸೀನಿದರೆ ಕೆಳಗಿನ ಹನ್ನೊಂದು ಸಾಲಿನವರು ಮುಖ ಒರೆಸಿಕೊಳ್ಳುತ್ತಿದ್ದರು. ಪಾಪ್‌ಕಾರ್ನ್ ಯಂತ್ರ ಸಾಲದೆ, ಜನರ ಮೈಬಿಸಿಗೇ ಜೋಳ ಅರಳುತ್ತಿದೆ ಎಂದ ಕ್ಲೀಟಸ್. ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಡನ್ ಬೆಂಚಿನ ಮೇಲೆ ಕೂತಿದ್ದ. ಎಪ್ಪತ್ತೆಂಟು ವಯಸ್ಸು, ಎಡ ಮಂಡಿಯಲ್ಲಿ ಲೋಹ, ಮೈಮೇಲೆ ಕಾಲ್ಟನ್ನಿನ ಹಸಿರು ಸ್ವೆಟರು. ಕರೆದುಕೊಂಡು ಹೋದವನು ನಾನಾದ್ದರಿಂದ ಮಾತು ಕೇಳಿಸಿತು.

"ಏನಪ್ಪಾ ಮೂವತ್ಮೂರು," ಎಂದ ಎಲ್ಡನ್, "ನಂಗೆ ಮಂಗನಬಾವಂತೆ? ವಾಸಿಯಾಯ್ತೋ ಇಲ್ವೋ, ಅದನ್ನಾದ್ರೂ ಹೇಳಿ ಕಳಿಸ್ಬಾರ್ದಾ?"

ವರ್ಲಿನ್ ಕೆಂಪಾದ. "ಬೈಯೋದಿದ್ರೆ ಬೈದ್ಬಿಡೋ."

"ಬೈಯೋಕ್ ಬಂದಿಲ್ಲ ಮಾರಾಯ. ನಾನ್ ಅದನ್ನ ತಗೊಂಡ್ ಹೋಗಿ ಎಲ್ಲಿ ಇಡ್ತಿದ್ದೆ? ಕಾಲ್ಟನ್‌ನಲ್ಲಿ ವಿಂಡ್ರೋ ಗೆದ್ದ ಕಥೆ ಹೇಳಿದ್ರೆ ಕೇಳೋರ್ಯಾರು? ನನ್ ಹೆಂಡ್ತಿ ಬದುಕಿರೋವರ್ಗೂ ಒಂದ್ ಸಲನೂ ಕೇಳ್ಲಿಲ್ಲ. ಶುರು ಮಾಡಿದ್ರೆ ರೇಡಿಯೋ ಹಾಕೋಳು. ಐವತ್ತು ವರ್ಷ ಕಾರಲ್ಲಿ ಒಬ್ಬನೇ ಹೋಗ್ತಾ ನಂಗ್ ನಾನೇ ಹೇಳ್ಕೊಂಡಿದೀನಿ."

ಹೊರಗೆ ಬ್ಯಾಂಡು ಶುರುವಾಗಿತ್ತು.

ವಿರಾಮದ ಗಂಟೆ ಹೊಡೆಯಿತು. ಜರ್ಸಿ ಹಗ್ಗಕ್ಕೆ ಕಟ್ಟಿ ಸಿದ್ಧವಾಗಿತ್ತು. ಹೆಡ್‌ಮಾಸ್ತರರು ಎರಡೂ ವರ್ಷಗಳ ಗೆಲುವನ್ನು ಮೂರು ನಿಮಿಷ ಹೊಗಳಿ, ತಾವೂ ಫೈನಲ್ ನೋಡಿದ್ದಾಗಿ ಸೇರಿಸಿ (ಅವರಿಗೆ ನಲವತ್ತೆರಡು ವರ್ಷ), ಮೈಕನ್ನು ವರ್ಲಿನ್ನನ ಕೈಗಿತ್ತರು. ವರ್ಲಿನ್ ಲಾರಿಯ ತೂಕ ಓದಿಹೇಳುವ ದನಿಯಲ್ಲೇ ಹೇಳಿದ.

"ನಾನು ಆ ಫೈನಲ್ ಆಡ್ಲಿಲ್ಲ. ಹತ್ತು ಜನದಲ್ಲಿ ನನ್ ಹೆಸ್ರಿರ್ಲಿಲ್ಲ. ಎರಡು ವರ್ಷಾನೂ ಇರ್ಲಿಲ್ಲ. ಚೆಂಡು ಕಿತ್ತಿದ್ದು ಈ ಎಲ್ಡನ್ ಫೌಟ್ಸ್. ಇಷ್ಟ್ ವರ್ಷ ಸುಮ್ನಿದ್ದದ್ದು ನನ್ ತಪ್ಪು."

ಹಿಂದಿನಿಂದ ಕ್ಲೀಟಸ್ ಎದ್ದು ನಿಂತ.

"ಸುಳ್ ಹೇಳ್ಬೇಡ ವರ್ಲಿನ್! ನಾನು ಕಣ್ಣಾರೆ ನೋಡಿದೀನಿ!"

"ಕ್ಲೀಟಸ್, ನೀನಾಗ ಸೀತಾಳೆ ಸಿಡುಬು ಬಂದು ಮನೇಲಿದ್ದೆ."

"ರೇಡಿಯೋದಲ್ಲಿ ನೋಡಿದೀನಿ!"

ಜಿಮ್ಮೆಲ್ಲ ಚಪ್ಪಾಳೆ. ಸತ್ಯ ಹೇಳಿದ ವರ್ಲಿನ್ನನ ವಿನಯಕ್ಕೆ ಕಣ್ಣೀರು ಹಾಕಿದವರೂ ಇದ್ದರು. ಡಾರ್ಲಾ ಜೋರಾಗಿಯೇ ಅತ್ತಳು. ಹಗ್ಗದವನು ಜರ್ಸಿ ಎಳೆಯತೊಡಗಿದ. ಅಷ್ಟರಲ್ಲಿ ವರ್ಲಿನ್, ಊರಿಗೆ ಊರೇ ತಿಳಿದಿದ್ದ ಮೆತ್ತನೆಯ ಮನುಷ್ಯ, ಮೈಕಿನಲ್ಲಿ "ನಿಲ್ಲಿಸ್ರಿ ಅದನ್ನ!" ಎಂದು ಕಿರುಚಿದ. ಹಗ್ಗ ನಿಂತಿತು. ಅವನು ಹೋಗಿ ಹುಡುಗರ ಬೆಂಚಿನ ಬಳಿಯಿಂದ ಒಂದು ಚೆಂಡು ಎತ್ತಿಕೊಂಡು, ಅಂಗಳದ ಗೆರೆಯಾಚೆ, ಅಂದು ಪಟ್ಟಣದ ಹುಡುಗ ನಿಂತಂಥದೇ ಜಾಗದಲ್ಲಿ ನಿಂತ.

"ಎಲ್ಡನ್, ಏಳೋ. ಬಾ ಇಲ್ಲಿ."

"ಮಂಡಿ ಲೋಹದ್ದು ಕಣೋ!"

"ತುಕ್ಕು ಹಿಡಿಯೋ ಮುಂಚೆ ಬಾ."

ವರ್ಲಿನ್ ಚೆಂಡೆಸೆದ. ಎಲ್ಡನ್, ನಾನು ಆಣೆ ಮಾಡಿ ಹೇಳುತ್ತೇನೆ, ನುಗ್ಗಿದ. ಆ ನುಗ್ಗುವಿಕೆಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಚೆಂಡು ಮೂರು ಸಲ ಪುಟಿದು ಅವನಿಗಾಗಿ ಕಾಯಬೇಕಾಯಿತು. ಆದರೂ ಕಿತ್ತುಕೊಂಡ. ಇಡೀ ಅಂಗಳದ ಉದ್ದ ಕುಂಟುತ್ತ ಓಡಿದ. ಮಧ್ಯದಲ್ಲಿ ವಿಂಡ್ರೋದಲ್ಲಿ ಎರಡು ಮಕ್ಕಳು ಹುಟ್ಟಿ ಶಾಲೆಗೆ ಸೇರಿರಬೇಕು. ಎಸೆದ. ತಪ್ಪಿತು. ಇನ್ನೊಮ್ಮೆ. ತಪ್ಪಿತು. ವಿರಾಮ ಮುಗಿದು ಎರಡೂ ತಂಡದ ಹುಡುಗರು ಬಂದು ನಿಂತರು. ರೆಫರಿ ಸೀಟಿಯನ್ನು ಬಾಯಿಂದ ತೆಗೆದು ಕಿಸೆಗೆ ಹಾಕಿದ. ನಾಲ್ಕನೆಯದು ಬುಟ್ಟಿಯ ಅಂಚಿನಲ್ಲಿ ಸುತ್ತಿ ಹೊರಬಿತ್ತು. ಯಾರೂ ನಗಲಿಲ್ಲ. ಐದನೆಯದು ಒಳಗೆ ಇಳಿಯಿತು.

ಆಮೇಲೆ ಎದ್ದ ಸದ್ದಿಗೆ ಕಾಲ್ಟನ್ನಿನ ಕೋಳಿಗಳು ಒಂದು ವಾರ ಮೊಟ್ಟೆ ಇಡಲಿಲ್ಲವಂತೆ. ಹಗ್ಗದವನು ಕೇಳದೆಯೇ ಮೂವತ್ತಮೂರನ್ನು ಬಿಚ್ಚಿ ವರ್ಲಿನ್ನನ ಕೈಗೆ ಕೊಟ್ಟ. ವರ್ಲಿನ್ ಅದನ್ನು ಅಲ್ಲಿಯೇ ಸೈಡಿನಲ್ಲಿದ್ದ ಒಬ್ಬ ಆಟಗಾರ ಹುಡುಗನ ಹೆಗಲಿಗೆ ಹಾಕಿ, "ತೊಟ್ಕೋ, ಇದು ಖಾಲಿ ಇದೆ," ಎಂದು ಬಂದು ಕೂತ.

ನಮ್ಮೂರು ಬುದ್ಧಿ ಕಲಿಯಿತೆಂದು ತಿಳಿಯಬೇಡಿ. ಮುಂದಿನ ಗುರುವಾರ ಹೋಟೆಲಿನಲ್ಲಿ ಕ್ಲೀಟಸ್ ಹೊಸ ಆವೃತ್ತಿ ತಂದಿದ್ದ. "ಕಿತ್ತಿದ್ದು ಎಲ್ಡನ್ನೇ, ಒಪ್ದೆ. ಆದ್ರೆ ಎಸೆದಿದ್ದ್ಯಾರು? ವರ್ಲಿನ್! ಪಟ್ಟಣದವರ ಕಡೆ ಸೇರ್ಕೊಂಡು ಬೇಕಂತ್ಲೇ ತಪ್ಪಾಗಿ ಎಸೆದ ಕಣ್ರೋ. ಎಂಥಾ ತ್ಯಾಗ!" ವರ್ಲಿನ್ ಮುಖ ಮುಚ್ಚಿಕೊಂಡ.

ಆ ಗುರುವಾರದಿಂದ ಎಲ್ಡನ್ನೂ ಹದಿನಾಲ್ಕು ಮೈಲಿ ಕಾರು ಓಡಿಸಿಕೊಂಡು ಬರುತ್ತಾನೆ. ಹಸಿರು ಸ್ವೆಟರನ್ನು ಕಾರಿನಲ್ಲೇ ಬಿಟ್ಟು ಬರಬೇಕೆಂದು ಡಾರ್ಲಾ ಷರತ್ತು ಹಾಕಿದ್ದಾಳೆ. ಮೊದಲ ದಿನ ಗಂಟಲು ಸರಿಮಾಡಿಕೊಂಡು ಐವತ್ತು ವರ್ಷದ ಕಥೆ ಬಿಚ್ಚಿದ.

"ನಾನು ಬಲಗಡೆಯಿಂದ ನುಗ್ದೆ..."

"ಎಡಗಡೆಯಿಂದ," ಎಂದ ವರ್ಲಿನ್.

"ಆಡ್ದೋನು ನಾನೋ ನೀನೋ?"

"ನೀನು ಆಡ್ತಿದ್ದೆ, ಏನ್ ನೋಡಿರ್ತೀಯ? ನಾನು ಮೂರಡಿ ದೂರದಲ್ಲಿ ಟವೆಲ್ ಹಿಡ್ಕೊಂಡು ಕಣ್ ಮಿಟುಕಿಸ್ದೆ ನೋಡ್ತಿದ್ದೆ. ಎಡಗಡೆಯಿಂದ ಬಂದೆ. ನಿನ್ ಬಲಗಾಲಿನ ಲೇಸು ಬಿಚ್ಚಿತ್ತು. ಜಾರ್ತೀಯ ಅಂತ ನನ್ ಜೀವ ಬಾಯಿಗ್ ಬಂದಿತ್ತು."

ಎಲ್ಡನ್ ತಿನ್ನುತ್ತಿದ್ದುದನ್ನು ನಿಲ್ಲಿಸಿದ. ಅರವತ್ತು ವರ್ಷದಲ್ಲಿ ಅವನಿಗೆ ಅವನ ಲೇಸಿನ ಸುದ್ದಿ ಯಾರೂ ಹೇಳಿರಲಿಲ್ಲ.

"ಬಿಚ್ಚಿತ್ತಾ?" ಎಂದ. ತಟ್ಟೆ ಪಕ್ಕಕ್ಕೆ ಸರಿಸಿ ಮೊಣಕೈ ಮೇಜಿಗೂರಿದ. "ಆಮೇಲೆ? ನಾನ್ ಏನ್ ಮಾಡ್ದೆ, ಹೇಳು."