ಗೌಡರ ಮನೆಯ ಇಲಿಗಳು

ನಾನು ಚಿಕ್ಕವಳಿದ್ದಾಗ ಸವಣೂರು ಸೀಮೆಯ ನಮ್ಮ ಊರಿನಲ್ಲಿ ಜನ ಹಾವಿಗಿಂತ ಸತ್ತ ಇಲಿಗೆ ಹೆಚ್ಚು ಹೆದರುತ್ತಿದ್ದರು. ನಗಬೇಡಿ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಅರ್ಥ. ಕೂಡಲೇ ಗೌಡರಿಗೆ ಹೇಳಬೇಕು, ಗೌಡರು ಡಂಗುರ ಹೊಡೆಸಬೇಕು, ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು.

ಆದರೆ ಇಲಿ ಗೌಡರ ಮನೆಯಲ್ಲೇ ಬಿದ್ದರೆ?

ಅವರ ಮಗಳ ಮದುವೆಗೆ ಇನ್ನು ಎಂಟೇ ದಿನ. ಓಣಿಯ ಹೆಂಗಸರೆಲ್ಲ ಅವರ ಪಡಸಾಲೆಯಲ್ಲಿ ಶಾವಿಗೆ ಹೊಸೆಯುತ್ತಿದ್ದರು. ನಾದಿದ ಗೋಧಿ ಹಿಟ್ಟಿನ ವಾಸನೆ, ಬಳೆಗಳ ಸದ್ದು, ನಡುನಡುವೆ ಹಾಡು. ಹನ್ನೆರಡು ವರ್ಷದ ನನ್ನ ಅಕ್ಕ ಎಳೆದಷ್ಟು ಸಣ್ಣ ಎಳೆ ದೊಡ್ಡವರಿಗೂ ಬರುತ್ತಿರಲಿಲ್ಲ. ಶಾವಿಗೆ ಒಣಹಾಕಲು ಕೋಲು ತರಲೆಂದು ಅವಳು ಹಿಂದಿನ ಕಾಳಿನ ಕೋಣೆಗೆ ಹೋದಳು. ನಾನೂ ಬೆನ್ನು ಹತ್ತಿದೆ. ಜೋಳದ ಚೀಲಗಳ ಪಕ್ಕದಲ್ಲಿ ಮೂರು ಇಲಿ ಸತ್ತು ಬಿದ್ದಿದ್ದವು.

ಅಕ್ಕ ಕೂಗುವಷ್ಟರಲ್ಲಿ ಗೌಡರ ಹೆಂಡತಿ ಬಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಸುಮ್ಮನಿರ ಯವ್ವಾ! ಮದುವಿ ನಿಂತು ಹೋಗ್ತೈತಿ. ಇವನ್ನ ತಿಪ್ಪಿಗೆ ಒಗದು ಬಾ. ಯಾರಿಗೂ ಹೇಳಬ್ಯಾಡ, ನಿಮ್ಮವ್ವನ ಆಣಿ ಐತಿ."

ಅಕ್ಕ ಬರಿಗೈಯಲ್ಲೇ ಬಾಲ ಹಿಡಿದು ಒಗೆದು ಬಂದಳು. ನನಗೆ ಯಾರೂ ಆಣೆ ಹಾಕಿರಲಿಲ್ಲವಲ್ಲ, ಓಡಿಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಬಾಗಿಲು ಮುಂದೆ ಮಾಡಿ, "ದೊಡ್ಡವರ ಮನಿ ಸುದ್ದಿ ನಮಗ್ಯಾಕ? ಬಾಯಿ ಮುಚ್ಚು" ಎಂದ. ನಾನು ಮುಚ್ಚಿದೆ.

ಮರುದಿನವೂ ಇಲಿ ಒಗೆಯಲು ಅಕ್ಕನನ್ನೇ ಕರೆಸಿದರು. ಅದರ ಮರುದಿನವೂ. ಐದನೆಯ ದಿನ ಅವಳ ಮೈ ಕೆಂಡದಂತೆ ಸುಟ್ಟಿತು, ಕಂಕುಳಲ್ಲಿ ಗಡ್ಡೆ ಎದ್ದಿತು. ಆಗ ಹೊಡೆಸಿದರು ನೋಡಿ ಡಂಗುರ! ಪ್ಲೇಗು ನಮ್ಮ ಮನೆಯಿಂದ ಬಂತೆಂದು ಸಾರಿದರು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ. ಊರೆಲ್ಲ ಹೊಲಕ್ಕೆ ಹೋದ ಮೇಲೆ ಅಪ್ಪ ಗೌಡರ ಗುಡಿಸಲ ಮುಂದೆ ನಿಂತು ಕೂಗಾಡಿದ, ಆದರೆ ಹೊತ್ತು ಮೀರಿತ್ತು. ಹೊಲದಲ್ಲಿ ಮೂರನೆಯ ದಿನ ಅಕ್ಕ ತೀರಿಕೊಂಡಳು. ಕೊನೆಯವರೆಗೂ ಅವಳು ಆಣೆ ಮುರಿಯಲಿಲ್ಲ. ಇಷ್ಟು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ.

ನಿಮಗೀಗ ಔಷಧವಿದೆ, ಕರೆದರೆ ಬರುವ ಡಾಕ್ಟರಿದ್ದಾರೆ. ಮೊನ್ನೆ ಮೊಮ್ಮಗಳು ಶಾಲೆಯ ನೀರಿನ ಟಾಕಿಯಲ್ಲಿ ಸತ್ತ ಇಲಿ ಕಂಡು ಎಲ್ಲರಿಗೂ ಕೇಳುವಂತೆ ಕೂಗಿದಳಂತೆ. ಮಾಸ್ತರರು ತಕ್ಷಣ ನೀರು ನಿಲ್ಲಿಸಿದರು. ಹುಡುಗರು ಮಾತ್ರ "ಬಾಯಿಬಡಕಿ" ಎಂದು ಕಾಡಿದರೆಂದು ಇವಳು ಅಳುತ್ತ ಮನೆಗೆ ಬಂದಳು.

ಅಳಬೇಡ ಮಗಳೇ. ಅಪ್ಪ ಬಾಯಿ ಮುಚ್ಚೆಂದ ದಿನ ನಾನೂ ಓಣಿಯ ನಡುವೆ ನಿಂತು ಹಾಗೆಯೇ ಕೂಗಬೇಕಿತ್ತು.