ಅವ್ವನ ಎಡೆಗೆ ಹನೂರಿನ ವಡೆ

ನಾನು ವಡೆ ತಿಂದರೆ ಅದರಲ್ಲಿ ನನ್ನ ಅಂಗಿಗೂ ಒಂದು ಪಾಲು ಸಲ್ಲಲೇಬೇಕೆಂಬುದು ವಿಧಿನಿಯಮವೋ ಏನೋ. ಎಲೆಯನ್ನು ಎಷ್ಟೇ ದೂರ ಹಿಡಿಯಲಿ, ಕೊಕ್ಕರೆಯ ಹಾಗೆ ಎಷ್ಟೇ ಕತ್ತು ಚಾಚಲಿ, ಎದ್ದಾಗ ನೋಡಿದರೆ ಎದೆಯ ಮೇಲೆ ನಾಲ್ಕಾಣೆಯಗಲದ ಎಣ್ಣೆಗಲೆಯೊಂದು ವಿರಾಜಮಾನವಾಗಿರುತ್ತದೆ. "ಉಣ್ಣೋದು ಬಾಯೋ, ಅಂಗಿಯೋ?" ಎಂಬ ನನ್ನ ಹೆಂಡತಿಯ ಪ್ರಶ್ನೆಗೆ, ದಿನವೆಲ್ಲ ಮಕ್ಕಳನ್ನು ಪ್ರಶ್ನೆ ಕೇಳಿ ಪೀಡಿಸುವ ಈ ಮೇಷ್ಟರಲ್ಲಿ ಇನ್ನೂ ಉತ್ತರವಿಲ್ಲ. ಅವಳು ಸೋಪು ಹಚ್ಚಿ ಆ ಕಲೆಯನ್ನು ತಿಕ್ಕುವಾಗಲೆಲ್ಲ ನನಗೆ ಅಪ್ಪ ನೆನಪಾಗುತ್ತಾನೆ.

ಅಪ್ಪ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ. ರೇಷ್ಮೆಗೂ ಎಣ್ಣೆಗೂ ಜನ್ಮಾಂತರದ ವೈರ. ಎಣ್ಣೆಗೈಯಲ್ಲಿ ಒಮ್ಮೆ ಮುಟ್ಟಿದರೆ ಸಾಕು, ಸೀರೆಯ ಮೈಮೇಲೆ ಆ ಬೆರಳು ಉಳಿದೇ ಹೋಗುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಕರಿದ ತಿಂಡಿ ನಿಷಿದ್ಧ. ಹಬ್ಬಕ್ಕೆ ಪಾಯಸ, ಕಡುಬು, ಅಷ್ಟೇ; ಒಲೆಯ ಮೇಲೆ ಬಾಣಲೆ ಏರಿದ್ದನ್ನು ನಾನು ಕಂಡವನಲ್ಲ. ಬೀದಿಯ ತುದಿಯ ಹೋಟೆಲಿನಿಂದ ಬೋಂಡದ ವಾಸನೆ ತೇಲಿಬಂದರೂ ಅಪ್ಪ ಕಿಟಕಿ ಮುಚ್ಚಿಸುತ್ತಿದ್ದ. ಎಣ್ಣೆ ನೂಲಿನ ಮೇಲೆ ಕೂತೀತೆಂಬ ಭಯವೋ, ನಮ್ಮ ನಾಲಗೆಯ ಮೇಲೆ ಕೂತೀತೆಂಬ ಭಯವೋ, ನಾನರಿಯೆ. ಈ ಕಟ್ಟಳೆ ಎಲ್ಲರಿಗಿಂತ ಬಿಗಿಯಾಗಿದ್ದದ್ದು ಅವ್ವನಿಗೆ, ಏಕೆಂದರೆ ನೂಲು ಸುತ್ತುತ್ತಿದ್ದವಳು ಅವಳು.

ಆ ಅವ್ವ ತೀರಿಕೊಂಡಳು. ನಮ್ಮಲ್ಲಿ ಸುಡುವ ಪದ್ಧತಿಯಿಲ್ಲ. ಹನೂರಿನಿಂದಾಚೆ ಬೆಟ್ಟದ ದಾರಿಯಲ್ಲಿರುವ ನಮ್ಮ ತುಂಡು ಹೊಲದಲ್ಲಿ, ಹಿರಿಯರ ಪಕ್ಕದಲ್ಲಿ ಅವಳನ್ನು ಮಣ್ಣು ಮಾಡಿದೆವು. ವರ್ಷ ತುಂಬಿದ ದಿನ ಆ ಸಮಾಧಿಯ ಗುಡ್ಡೆಗೆ ಎಡೆ ಇಡಬೇಕು, ಹೋದವರಿಗೆ ಇಷ್ಟವಾದದ್ದೆಲ್ಲ ಎಡೆಯಲ್ಲಿರಬೇಕು. ಅಪ್ಪ, ನಾನು, ಹೊಸದಾಗಿ ಮದುವೆಯಾಗಿ ಬಂದಿದ್ದ ನನ್ನ ಹೆಂಡತಿ, ಯಳಂದೂರಿನಿಂದ ಬಂದ ಅವ್ವನ ತಂಗಿ ಚಿಕ್ಕವ್ವ, ನಾಲ್ವರೂ ಹೊರಟೆವು. ಹನೂರಿನಲ್ಲಿ ಬಸ್ಸು ಬದಲಾಯಿಸುವಾಗ ಚಿಕ್ಕವ್ವ ಕೊಂಚ ಹೊತ್ತು ಮಾಯವಾಗಿ, ಸೆರಗಿನಡಿ ಏನನ್ನೋ ಬಚ್ಚಿಟ್ಟುಕೊಂಡು ಬಂದಳು. ಗುಟ್ಟು ಕಾಯುವುದು ಆ ಸೆರಗಿಗೆ ಒಗ್ಗದ ಕೆಲಸ. ಎಣ್ಣೆ ಕುಡಿದು ಅದು ಆಗಲೇ ಪಾರದರ್ಶಕವಾಗುತ್ತಿತ್ತು.

ಗುಡ್ಡೆಯ ಮೇಲಿನ ಹುಲ್ಲು ಕಿತ್ತು, ನೀರು ಚಿಮುಕಿಸಿ, ವಿಭೂತಿ ಬಳಿದು, ಹೂವಿಟ್ಟೆವು. ಬಾಳೆಲೆಯ ಮೇಲೆ ಮುದ್ದೆ, ಅವರೆಕಾಳಿನ ಸಾರು, ಪಾಯಸ, ಎಲೆಯಡಿಕೆ ಬಡಿಸಿದ್ದಾಯಿತು. ಆಗ ಚಿಕ್ಕವ್ವ ಸೆರಗಿನಡಿಯ ಮುತ್ತುಗದೆಲೆಯ ಪೊಟ್ಟಣ ಬಿಚ್ಚಿದಳು. ಉದ್ದಿನ ವಡೆ!

ಅಪ್ಪನ ಹುಬ್ಬು ಗಂಟಿಕ್ಕಿತು. "ಏನವ್ವಾ ಇದು, ಓಟ್ಲು ವಡೆ ತಂದು ಎಡೆಗಿಕ್ಕೀಯಾ? ನನ್ ಮನೇಲಿ ಇದ್ದಷ್ಟು ದಿನ ಅವ್ಳು ಇದನ್ನ ಮುಟ್ಟಿದವಳಲ್ಲ. ತಗಿ ಅತ್ಲಾಗೆ."

"ಮನೇಲಿ ಮುಟ್ನಿಲ್ಲ ಬಾವ," ಎಂದಳು ಚಿಕ್ಕವ್ವ. "ಅನೂರಲ್ಲಿ ಮುಟ್ಟವ್ಳೆ."

ಅಪ್ಪನ ಕೋಪ ನನಗೆ ಗೊತ್ತು. ವಡೆಯನ್ನೆತ್ತಿ ಬೇಲಿಗೆ ಎಸೆದನೆಂದರೆ ಚಿಕ್ಕವ್ವ ಮತ್ತೆಂದೂ ನಮ್ಮ ಹೊಸ್ತಿಲು ತುಳಿಯುವವಳಲ್ಲ, ಅವ್ವನ ಕಡೆಯವರೆಂದು ನನಗೆ ಉಳಿದಿದ್ದವಳು ಅವಳೊಬ್ಬಳೇ.

ಚಿಕ್ಕವ್ವ ಮಾತ್ರ ನಿಲ್ಲಿಸಲಿಲ್ಲ. "ನೀವು ಮಗ್ಗ ಬುಟ್ಟು ಬತ್ತಿರನಿಲ್ಲ. ವರ್ಸ ವರ್ಸ ರಾಗಿ ಕುಯ್ಲಿಗೆ ನಾವಿಬ್ರೇ ಅಲ್ವಾ ಬತ್ತಿದ್ದುದು? ಬಸ್ಸು ಕಾಯ್ತಾ ಓಟ್ಲು ಇಂದ್ಗಡೆ ನಿಂತ್ಕಂಡು ತಿಂತಿದ್ವಿ. ಓಗೋವಾಗ ಮಾತ್ರ ಬಾವ. ಕುಯ್ಲು ಮುಗಿಯಗಂಟ ಮಣ್ಣು ಮುಟ್ಟಿ ಮುಟ್ಟಿ ಕೈ ಎಣ್ಣೆ ಓಯ್ತದೆ ಅನ್ನೋಳು. ಬರೋವಾಗ ನಾನೆಷ್ಟು ಬಲವಂತ ಮಾಡುದ್ರೂ ಚೂರೂ ಬಾಯ್ಗಿಕ್ನಿಲ್ಲ. ನಾಳೀಕೆ ರೇಸ್ಮೆ ಮುಟ್ಬೇಕು ಕಣಮ್ಮಿ, ಅನ್ನೋಳು."

ಅಪ್ಪ ಕುಕ್ಕರಗಾಲಲ್ಲಿ ಕೂತ. "ನಂಗ್ಯಾಕೆ ಅವ್ಳು ಒಂದ್ ಮಾತೂ ಏಳ್ನಿಲ್ಲ?"

"ಏಳಿದ್ರೆ?"

ಅಪ್ಪ ಗುಡ್ಡೆಯ ಕಡೆ ತಿರುಗಿದ. "ಬಯ್ತಿದ್ದೆ," ಎಂದ. ಆಮೇಲೆ ಮುದ್ದೆಯನ್ನು ಪಕ್ಕಕ್ಕೆ ಸರಿಸಿ, ಎಲೆಯ ನಡುಮಧ್ಯಕ್ಕೆ ತಾನೇ ವಡೆಗಳನ್ನು ಜೋಡಿಸಿದ. ನನಗೆ ಅಳು ತಡೆಯಲಾಗಲಿಲ್ಲ.

ಹೋದವರ ಇಷ್ಟವೆಂದು ನಾವು ಭಕ್ತಿಯಿಂದ ಬಡಿಸುವುದು ಬಹುಮಟ್ಟಿಗೆ ನಾವು ಅವರಿಗೆ ಮಂಜೂರು ಮಾಡಿದ್ದ ಇಷ್ಟಗಳನ್ನೇ ಅಲ್ಲವೇ, ನೀವೇ ಹೇಳಿ. ಮುದ್ದೆ, ಅವರೆಕಾಳು ಅವ್ವನಿಗೆ ಪ್ರಿಯವೆಂದು ನಾವು ನಂಬಿದ್ದಕ್ಕೆ ಅವಳು ದಿನಾ ಅದನ್ನೇ ಮಾಡುತ್ತಿದ್ದಳೆಂಬುದಲ್ಲದೆ ಬೇರೆ ಆಧಾರವಿರಲಿಲ್ಲ.

ಮರಳುವಾಗ ಹನೂರಿನಲ್ಲಿ ಬಸ್ಸಿಳಿದ ಅಪ್ಪ, ಜೀವಮಾನದಲ್ಲಿ ಹೋಟೆಲಿನ ಮೆಟ್ಟಿಲು ಹತ್ತದವನು, ನೆಟ್ಟಗೆ ಒಳಗೆ ಹೋಗಿ ಬೆಂಚಿನ ಮೇಲೆ ಕೂತ. ನಾವು ಬೆಕ್ಕಸ ಬೆರಗಾಗಿ ಹಿಂದೆಯೇ ಹೋದೆವು. ವಡೆ ಬಂತು. ಅಪ್ಪ ಮುರಿದು ಬಾಯಿಗಿಟ್ಟುಕೊಂಡ. ಒಂದು ತುಣುಕು ಜಾರಿ ಬಿಳಿ ಪಂಚೆಯ ಮೇಲೆ ಬಿತ್ತು.

"ಬಾವ, ನಾಳೀಕೆ ರೇಸ್ಮೆ..." ಎಂದು ಚಿಕ್ಕವ್ವ ಗಾಬರಿಯಾದಳು.

"ನಾಳೀಕೆ ಮಗ್ಗಕ್ಕೆ ಇಳಿಯಕಿಲ್ಲ ಬುಡು," ಎಂದ ಅಪ್ಪ. ಜ್ವರ ಬಂದಾಗಲೂ ಅವನ ಬಾಯಿಂದ ಬಾರದಿದ್ದ ಮಾತು ಅದು. ಮಾರನೆಯ ದಿನ ನಮ್ಮ ಮನೆಯಲ್ಲಿ ಮಗ್ಗದ ಸದ್ದಿರಲಿಲ್ಲ. ನನ್ನ ಹೆಂಡತಿ ಪಂಚೆಯನ್ನು ಒಗೆಯಲು ಎತ್ತಿಕೊಂಡು ಕಲೆಗೆ ಸೋಪು ಹಚ್ಚಹೊರಟಾಗ ಅಪ್ಪ, "ಅದು ಇರ್ಲಿ ಬುಡವ್ವ," ಎಂದ.

ಈಗ ಅಪ್ಪನೂ ಅವ್ವನ ಪಕ್ಕದಲ್ಲೇ ಇದ್ದಾನೆ. ಅಂಗಿ ತಿಕ್ಕುವ ಹೆಂಡತಿಗೆ ನಾನೂ ಆಗಾಗ "ಇರ್ಲಿ ಬುಡು" ಎಂದು ಹೇಳಿ ನೋಡುತ್ತೇನೆ. ಅವಳು ಇನ್ನಷ್ಟು ಜೋರಾಗಿ ತಿಕ್ಕುತ್ತಾಳೆ. ಆದರೆ ವರ್ಷಕ್ಕೊಂದು ದಿನ, ನಾವು ಹೊಲಕ್ಕೆ ಹೋಗಿ ಎಡೆಯಿಟ್ಟು ಹನೂರಿನಲ್ಲಿ ವಡೆ ತಿಂದು ಹಿಂತಿರುಗಿದಾಗ, ನನ್ನ ಅಂಗಿಯ ಮೇಲಿರುವ ಕಲೆಯನ್ನು ಮಾತ್ರ ಅವಳು ತಿಕ್ಕುವುದಿಲ್ಲ.