ಡ್ರಾಯರಿನಲ್ಲಿದ್ದ ಫೋನು

ನಮ್ಮ ದೊಡ್ಡಮ್ಮ ಲಾಂಡ್ರಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವವಳು. ಅಂಗಳದ ಆ ತುದಿಯ ತಗಡಿನ ಕೋಣೆಯಲ್ಲಿ ದಿನವಿಡೀ ಒಬ್ಬಳೇ. ಆ ಧಗೆಗೆ ಬೇರೆ ಯಾರೂ ಅತ್ತ ತಲೆ ಹಾಕುವುದಿಲ್ಲ. ಎಲ್ಲರೂ ಅವಳನ್ನು ಬಾಯ್ಲರಕ್ಕ ಎನ್ನುತ್ತಾರೆ. ಯಾಕೆಂದು ಅವಳ ಸಿಟ್ಟು ಕಂಡವರಿಗೆ ವಿವರಿಸಬೇಕಿಲ್ಲ.

ದೊಡ್ಡಪ್ಪನಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ಆಸ್ಪತ್ರೆಯಲ್ಲಿ ದಿನಕ್ಕೆ ಅರ್ಧ ಗಂಟೆ ಒಬ್ಬರನ್ನು ಒಳಗೆ ಬಿಡುತ್ತಿದ್ದರು, ಅದೂ ಸೋಂಕಿತರ ಹತ್ತಿರ ಸುಳಿದಿಲ್ಲವೆಂದು ಫೋನಿನ ಆ್ಯಪ್ ಹಸಿರು ತೋರಿಸಿದರೆ. ದೊಡ್ಡಮ್ಮ ಅವರ ಕೈ ಹಿಡಿದು ಕೂರುತ್ತಿದ್ದಳು. ಅವರು ಒಂದು ಸಲ ಒತ್ತಿದರೆ ನೀರು, ಎರಡು ಸಲ ಒತ್ತಿದರೆ ಮಗ್ಗುಲು ಬದಲಿಸಬೇಕು. ಗಂಡ ಹೆಂಡತಿಗೆ ಉಳಿದಿದ್ದ ಮಾತುಕತೆ ಅಷ್ಟೇ.

ಒಂದು ಬೆಳಿಗ್ಗೆ ಆ್ಯಪ್ ಕೆಂಪಾಯಿತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನೊಬ್ಬನಿಗೆ ಸೋಂಕು ತಗಲಿತ್ತು. ದೊಡ್ಡಮ್ಮ ಅವನ ಮುಖ ನೋಡಿ ತಿಂಗಳಾಗಿತ್ತು! ಆದರೆ ಲಾಂಡ್ರಿಯ ನಿಯಮದಂತೆ ಕೆಲಸದವರೆಲ್ಲ ಗೇಟಿನ ಬಳಿಯ ಡ್ರಾಯರಿಗೆ ಫೋನು ಹಾಕಿಯೇ ಒಳಗೆ ಹೋಗಬೇಕು. ಆ್ಯಪಿಗೆ ಕಣ್ಣೆಲ್ಲಿದೆ? ಒಂದು ಫೋನಿನ ಬ್ಲೂಟೂತ್ ಇನ್ನೊಂದಕ್ಕೆ ಜೋರಾಗಿ ಸಿಕ್ಕರೆ ಹತ್ತಿರ, ಕ್ಷೀಣವಾಗಿ ಸಿಕ್ಕರೆ ದೂರ. ಹದಿನೈದು ನಿಮಿಷ ಜೋರಾಗಿ ಸಿಕ್ಕರೆ ಮುಗಿಯಿತು, ನೀವು ರೋಗಿಯ ಪಕ್ಕದಲ್ಲಿದ್ದಿರಿ ಎಂದೇ ಲೆಕ್ಕ. ಅವರಿಬ್ಬರ ಫೋನುಗಳು ಎಂಟು ಗಂಟೆ ಒಂದರ ಮೇಲೊಂದು ಬಿದ್ದಿದ್ದವು. ಇತ್ತ ಅದೇ ಇಸ್ತ್ರಿಯವನ ಎದುರು ಕೂತು ದಿನವೂ ಉಣ್ಣುತ್ತಿದ್ದ ಮೇಲ್ವಿಚಾರಕನ ಫೋನು ಬ್ಲೂಟೂತ್ ದಾಟದ ಕಬ್ಬಿಣದ ಬೀರುವಿನೊಳಗಿತ್ತು. ಅವನದು ಹಚ್ಚ ಹಸಿರು. ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

“ಫೋನು ಡ್ರಾಯರಲ್ಲಿತ್ತು ಅಂತ ಒಂದು ಚೀಟಿ ಬರ್ಕೊಡಿ ಸಾರ್,” ಎಂದು ದೊಡ್ಡಮ್ಮ ಮೇಲ್ವಿಚಾರಕನನ್ನು ದೂರದಲ್ಲೇ ನಿಂತು ಕೇಳಿದಳು.

“ಆಮೇಲೆ ನನ್ನ ತಲೆಗೇ ಬರುತ್ತೆ ಕಣಮ್ಮ. ಆ್ಯಪ್ ಸುಳ್ಳು ಹೇಳುತ್ತಾ?”

“ನಿಮ್ಮ ಬೀರು ಹೇಳ್ತಿಲ್ವಾ?”

ಅವನು ಬಾಗಿಲು ಹಾಕಿಕೊಂಡ. ಆಸ್ಪತ್ರೆಯ ಕಾವಲಿನವನು ಕೆಂಪು ಕಂಡವನೇ ನಾಲ್ಕು ಹೆಜ್ಜೆ ಹಿಂದೆ ಸರಿದ. ಕೈ ಒತ್ತುವ ವಿಷಯವನ್ನಾದರೂ ವಾರ್ಡಿಗೆ ತಿಳಿಸಿ ಎಂದು ದೊಡ್ಡಮ್ಮ ಮೂರು ಸಲ ಆಸ್ಪತ್ರೆಗೆ ಫೋನು ಮಾಡಿದಳು. ಮೂರು ಸಲವೂ “ಹೇಳ್ತೀವಿ” ಎಂದು ಇಟ್ಟರು. ಅವರ ನಾಲಿಗೆಗೆ ಅದೇನು ಭಾರವಾಗಿತ್ತೋ!

ಹದಿನೈದನೇ ದಿನ ಆ್ಯಪ್ ಹಸಿರಾಯಿತು. ದೊಡ್ಡಮ್ಮ ಓಡಿಹೋಗಿ ಕೈ ಹಿಡಿದಳು. ದೊಡ್ಡಪ್ಪನ ಕಣ್ಣು ತೆರೆದಿತ್ತು, ಬೆರಳು ಅಲುಗಲಿಲ್ಲ.

“ಮೊದ್ಲು ಒಂದು ವಾರ ಯಾರ ಕೈ ಸಿಕ್ಕಿದ್ರೂ ಒತ್ತುತಿದ್ರು,” ಎಂದಳು ನರ್ಸ್. “ನರದ ಸೆಳೆತ ಅಂದ್ಕೊಂಡ್ವಿ. ಆಮೇಲೆ ತಾನಾಗೇ ನಿಂತೋಯ್ತು.”